ಫೋನು ತೆಳ್ಳಗಾದ ವರ್ಷ, ಕಾವಲು ಬೇಕಾದ ವರ್ಷ

ಪುಣೆಯ ಲೋಹಗಾಂವ್ ವಿಮಾನ ನಿಲ್ದಾಣಕ್ಕೂ ನಗರ್ ರಸ್ತೆಗೂ ನಡುವೆ ಹರಡಿಕೊಂಡಿರುವ ವಿಮಾನ ನಗರ, ಹೊಸ ಯಂತ್ರಗಳನ್ನು ಬೇಗ ಮನೆಗೆ ತಂದುಕೊಳ್ಳುವ ಬಡಾವಣೆ. ಐಟಿ ಕಚೇರಿಗಳು, ಸಿಂಬಯಾಸಿಸ್ ವಿದ್ಯಾಸಂಸ್ಥೆಯ ಕ್ಯಾಂಪಸ್, 2011ರಲ್ಲಿ ಶುರುವಾದ ಫೀನಿಕ್ಸ್ ಮಾರ್ಕೆಟ್‌ಸಿಟಿ ಮಾಲ್, 2024ರ ಮಾರ್ಚ್‌ನಲ್ಲಿ ಪಕ್ಕದ ರಾಮವಾಡಿಯವರೆಗೆ ಬಂದ ಮೆಟ್ರೊ, ಎಲ್ಲವೂ ಇಲ್ಲಿ ಹತ್ತಿರ ಹತ್ತಿರ. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದು ಪುಣೆಯಲ್ಲೇ ಬೇರೂರಿದ ಕನ್ನಡ ಕುಟುಂಬಗಳಿಗೆ ಊರಿನ ನಂಟೂ ಕಡಿದಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಧಾರವಾಡ, ಬೆಳಗಾವಿಯ ಹಿರಿಯರನ್ನು ಮಕ್ಕಳ ಮನೆಗೆ ಇನ್ನಷ್ಟು ಹತ್ತಿರ ಮಾಡಿದೆ.

2025ರಲ್ಲಿ ಬಂದ ಹೊಸ ಸಾಧನಗಳನ್ನು ಇಂಥ ಒಂದು ಮನೆಯ ಕಣ್ಣಿನಿಂದಲೇ ನೋಡಬೇಕು. ಮಗ ಅಥವಾ ಮಗಳು ತಮಗೆ ಹೊಸ ಫೋನು ಕೊಳ್ಳುತ್ತಾರೆ, ಹಳೆಯದನ್ನು ಊರಿಗೆ, ಅಪ್ಪ ಅಮ್ಮನಿಗೆ ಕಳಿಸುತ್ತಾರೆ. ವರ್ಷದ ಅತ್ಯುತ್ತಮ ಸಾಧನ ಯಾವುದು ಎಂದು ಪಟ್ಟಿ ಮಾಡುವವರು ಆ ಮೊದಲ ಫೋನಿನ ಬಗ್ಗೆ ಮಾತ್ರ ಬರೆಯುತ್ತಾರೆ. ಊರು ಸೇರಿದ ಎರಡನೆಯ ಫೋನಿನ ಗತಿ ಏನಾಯಿತು ಎಂಬುದು ಅಷ್ಟೇ ಮುಖ್ಯ.

ಮೊದಲ ಫೋನಿನ ಕತೆ ತೆಳುವಿನ ಕತೆ. ಮೇ ತಿಂಗಳಲ್ಲಿ ಸ್ಯಾಮ್‌ಸಂಗ್ 5.8 ಮಿ.ಮೀ. ದಪ್ಪದ ಗ್ಯಾಲಕ್ಸಿ ಎಸ್25 ಎಡ್ಜ್ ತಂದಿತು. ಸೆಪ್ಟೆಂಬರ್‌ನಲ್ಲಿ ಆ್ಯಪಲ್ 5.6 ಮಿ.ಮೀ.ನ ಐಫೋನ್ ಏರ್ ತಂದು ಅದನ್ನೂ ಹಿಂದೆ ಹಾಕಿತು. ಎರಡೂ ಕೈಯಲ್ಲಿ ಹಿಡಿದರೆ ಖುಷಿಯಾಗುವ ವಸ್ತುಗಳೇ. ಆದರೆ ತೆಳು ಮಾಡಬೇಕಾದರೆ ಯಾವುದನ್ನಾದರೂ ಬಿಡಲೇಬೇಕು. ಎಡ್ಜ್‌ನ ಬ್ಯಾಟರಿ 3,900 ಎಂಎಎಚ್‌ಗೆ ಇಳಿಯಿತು, ಏರ್‌ನದು ಅದಕ್ಕಿಂತಲೂ ಚಿಕ್ಕದು. ಏರ್‌ನ ಹಿಂಬದಿಯಲ್ಲಿ ಒಂದೇ ಕ್ಯಾಮೆರಾ. ಸಿಮ್ ಕಾರ್ಡ್ ಹಾಕುವ ಜಾಗವೇ ಅದರಲ್ಲಿಲ್ಲ, ಎಲ್ಲವೂ ಇ-ಸಿಮ್. ಫೋನು ಕೆಟ್ಟ ದಿನ ಸಿಮ್ ತೆಗೆದು ಮನೆಯ ಇನ್ನೊಂದು ಹ್ಯಾಂಡ್‌ಸೆಟ್‌ಗೆ ಹಾಕಿಕೊಳ್ಳುವ ನಮ್ಮ ರೂಢಿಗೆ ಇದು ಒಗ್ಗುವುದಿಲ್ಲ. 1,19,900 ರೂಪಾಯಿ ಕೊಟ್ಟು ಇಷ್ಟೆಲ್ಲ ಬಿಟ್ಟುಕೊಡಲು ಹೆಚ್ಚಿನವರಿಗೆ ಕಾರಣ ಕಾಣದು.

ಅದೇ ದಿನ ಬಿಡುಗಡೆಯಾದ ಸಾದಾ ಐಫೋನ್ 17 ನಿಜಕ್ಕೂ ಮೆಚ್ಚಬೇಕಾದ ಫೋನು. 82,900 ರೂಪಾಯಿಯ ಈ ಮಾದರಿಯಲ್ಲಿ ಆರಂಭದ ಸಂಗ್ರಹವೇ 256 ಜಿಬಿ. ಪರದೆ ಸೆಕೆಂಡಿಗೆ 120 ಸಲ ಹೊಸದಾಗುತ್ತದೆ. ಹಿಂದಿನ ವರ್ಷದ ಸಾದಾ ಮಾದರಿಯಲ್ಲಿ ಇದು 60 ಸಲ ಇತ್ತು, ಸಂಗ್ರಹ 128 ಜಿಬಿಯಿಂದ ಶುರುವಾಗುತ್ತಿತ್ತು. ಪ್ರೊ ಮಾದರಿಗೆಂದೇ ಕಟ್ಟಿಟ್ಟಿದ್ದ ಸೌಲಭ್ಯಗಳು ಕೊನೆಗೂ ಕೆಳಗಿಳಿದು ಬಂದವು. ಮಡಚುವ ಫೋನಿನಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಝಡ್ ಫೋಲ್ಡ್7 ದೊಡ್ಡ ಹೆಜ್ಜೆ ಇಟ್ಟಿತು: ಬಿಡಿಸಿದರೆ 4.2 ಮಿ.ಮೀ., ತೂಕ 215 ಗ್ರಾಂ. ಅದೇ ಕಂಪನಿಯ ಮಡಚದ ಎಸ್25 ಅಲ್ಟ್ರಾಗಿಂತ ಇದು ಮೂರು ಗ್ರಾಂ ಹಗುರ. ಬೆಲೆ ಮಾತ್ರ 1,74,999 ರೂಪಾಯಿಯಿಂದ ಆರಂಭ.

ತೆಳುವಿನ ಈ ಪೈಪೋಟಿಯ ಗದ್ದಲದಲ್ಲಿ ಸದ್ದಿಲ್ಲದೆ ಬಂದ ಬದಲಾವಣೆ ಬ್ಯಾಟರಿಯದು. ನವೆಂಬರ್‌ನಲ್ಲಿ ಭಾರತಕ್ಕೆ ಬಂದ ಒನ್‌ಪ್ಲಸ್ 15ರಲ್ಲಿ 7,300 ಎಂಎಎಚ್ ಬ್ಯಾಟರಿ ಇದೆ. ಐಫೋನ್ ಏರ್‌ನದಕ್ಕೆ ಹೋಲಿಸಿದರೆ ಎರಡು ಪಟ್ಟಿಗೂ ಹೆಚ್ಚು. ಇದು ಸಾಧ್ಯವಾದದ್ದು ಸಿಲಿಕಾನ್-ಕಾರ್ಬನ್ ತಂತ್ರದಿಂದ. ಸಾಮಾನ್ಯ ಲೀಥಿಯಂ ಬ್ಯಾಟರಿಯ ಒಂದು ಧ್ರುವ ಗ್ರಾಫೈಟಿನದು. ಚಾರ್ಜ್ ಮಾಡಿದಾಗ ಲೀಥಿಯಂ ಅಲ್ಲಿ ಹೋಗಿ ಕೂರುತ್ತದೆ. ಅಷ್ಟೇ ತೂಕದ ಸಿಲಿಕಾನ್, ಲೆಕ್ಕಾಚಾರದ ಪ್ರಕಾರ, ಗ್ರಾಫೈಟಿಗಿಂತ ಸುಮಾರು ಹತ್ತು ಪಟ್ಟು ಲೀಥಿಯಂ ಹಿಡಿದಿಡಬಲ್ಲದು. ತೊಂದರೆ ಏನೆಂದರೆ ಚಾರ್ಜ್ ಆಗುವಾಗ ಸಿಲಿಕಾನ್ ತನ್ನ ಗಾತ್ರದ ಮೂರು ಪಟ್ಟಿನವರೆಗೆ ಉಬ್ಬಿ ಬಿರುಕು ಬಿಡುತ್ತದೆ. ಹಾಗಾಗಿ ಅದನ್ನು ಸಣ್ಣ ಕಣಗಳಾಗಿ ಮಾಡಿ ಕಾರ್ಬನ್ನಿನ ಜಾಲದೊಳಗೆ ಕೂರಿಸುತ್ತಾರೆ, ಉಬ್ಬಲು ಜಾಗ ಇರುತ್ತದೆ. ಚೀನಾದ ಕಂಪನಿಗಳು ಇದನ್ನು ಧೈರ್ಯವಾಗಿ ಬಳಸಿದವು. ಆ್ಯಪಲ್, ಸ್ಯಾಮ್‌ಸಂಗ್ ಇನ್ನೂ ಹಳೆಯ ದಾರಿಯಲ್ಲೇ ಇವೆ. ಕರೆಂಟು ಹೋಗುವ ಊರುಗಳಿಗೆ, ರಾತ್ರಿಯಿಡೀ ಬಸ್ಸಿನಲ್ಲಿ ಪ್ರಯಾಣ ಮಾಡುವವರಿಗೆ ಮಿಲಿಮೀಟರ್ ಲೆಕ್ಕಕ್ಕಿಂತ ಇದು ಹೆಚ್ಚು ಉಪಯೋಗದ ಸುಧಾರಣೆ.

ಆ ವರ್ಷದ ಐಫೋನಿಗೂ ಕನ್ನಡ ನೆಲಕ್ಕೂ ನೇರ ಸಂಬಂಧವಿದೆ. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ 17ರ ತಯಾರಿಕೆ 2025ರಲ್ಲೇ ಶುರುವಾಯಿತು. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದ ಕಾರ್ಖಾನೆಯನ್ನು ಟಾಟಾ ಸಮೂಹ ವಹಿಸಿಕೊಳ್ಳುವ ಒಪ್ಪಂದ 2023ರ ಅಕ್ಟೋಬರ್‌ನಲ್ಲೇ ಆಗಿತ್ತು. 2025ರ ಸೆಪ್ಟೆಂಬರ್ 2ರಂದು ಬೆಂಗಳೂರಿನ ಹೆಬ್ಬಾಳದ ಬಳಿಯ ಫೀನಿಕ್ಸ್ ಮಾಲ್ ಆಫ್ ಏಷ್ಯಾದಲ್ಲಿ, ಎರಡೇ ದಿನದ ನಂತರ ವಿಮಾನ ನಗರಕ್ಕೆ ಹತ್ತಿರದ ಕೋರೆಗಾಂವ್ ಪಾರ್ಕ್‌ನಲ್ಲಿ, ಆ್ಯಪಲ್ ತನ್ನ ಸ್ವಂತ ಮಳಿಗೆಗಳನ್ನು ತೆರೆಯಿತು. ಅಲ್ಲಿಯವರೆಗೆ ಮುಂಬೈ, ದೆಹಲಿಗೆ ಮಾತ್ರ ಆ ಭಾಗ್ಯವಿತ್ತು.

ಇನ್ನು ಸ್ಕೂಟರ್ ವಿಷಯದಲ್ಲಂತೂ ಪುಣೆ ಮತ್ತು ಬೆಂಗಳೂರು ಹಳೆಯ ಜೋಡಿ. ಬಜಾಜ್ ತನ್ನ ಹಳೆಯ ಚೇತಕ್ ಹೆಸರನ್ನು ಎಲೆಕ್ಟ್ರಿಕ್ ರೂಪದಲ್ಲಿ ಮರಳಿ ತಂದಾಗ, 2020ರ ಜನವರಿಯಲ್ಲಿ, ಮೊದಲು ಮಾರಿದ್ದು ಈ ಎರಡೇ ನಗರಗಳಲ್ಲಿ. ಬೆಂಗಳೂರಿನ ಏಥರ್ ಅದಕ್ಕಿಂತ ಮೊದಲೇ, 2018ರಲ್ಲಿ, ರಸ್ತೆಗಿಳಿದಿತ್ತು. 2025ರ ಮೇ ತಿಂಗಳಲ್ಲಿ ಅದರ ಷೇರು ಮಾರುಕಟ್ಟೆ ಪ್ರವೇಶವೂ ಆಯಿತು. ಅದೇ ವರ್ಷ ಚೀನಾ ಅಪರೂಪದ ಲೋಹಗಳ ರಫ್ತಿಗೆ ಕಡಿವಾಣ ಹಾಕಿದ್ದರಿಂದ, ಮೋಟಾರಿಗೆ ಬೇಕಾದ ಆಯಸ್ಕಾಂತ ಸಿಗದೆ ಆಗಸ್ಟ್‌ನಲ್ಲಿ ಚೇತಕ್ ಉತ್ಪಾದನೆಗೆ ಪೆಟ್ಟು ಬಿತ್ತು. ಬೆಂಗಳೂರಿನದೇ ಅಲ್ಟ್ರಾವಯೊಲೆಟ್ ಕಂಪನಿ, ಹಿಂದಿನಿಂದ ಬರುವ ವಾಹನವನ್ನು ರೇಡಾರಿನಿಂದ ಗುರುತಿಸಿ ಎಚ್ಚರಿಸುವ ಸೌಲಭ್ಯವನ್ನು ದ್ವಿಚಕ್ರ ವಾಹನಕ್ಕೆ ತಂದಿತು. ನಗರ್ ರಸ್ತೆಯಂಥ ಕಡೆ ದಿನವೂ ಓಡಾಡುವವರಿಗೆ ಅದರ ಬೆಲೆ ಗೊತ್ತಾಗುತ್ತದೆ.

ಫೋನಿನ ಆಚೆ, ಕಿವಿಗೂ ಕಣ್ಣಿಗೂ ಹಾಕಿಕೊಳ್ಳುವ ಸಾಧನಗಳು ಆ ವರ್ಷದ ಇನ್ನೊಂದು ಸುದ್ದಿ. ಮೆಟಾ ಕಂಪನಿಯ ರೇ-ಬ್ಯಾನ್ ಕನ್ನಡಕ ಮೇ ತಿಂಗಳಲ್ಲಿ 29,900 ರೂಪಾಯಿಗೆ ಭಾರತಕ್ಕೆ ಬಂತು. ಚೌಕಟ್ಟಿನಲ್ಲೇ ಕ್ಯಾಮೆರಾ, ಸ್ಪೀಕರ್, ಮೈಕು. ಎದುರಿಗಿರುವುದು ಏನೆಂದು ಕೇಳಿದರೆ ಉತ್ತರ ಹೇಳುತ್ತದೆ. ದೃಷ್ಟಿ ಮಂದವಾದವರಿಗೆ ಇದು ಎಷ್ಟು ದೊಡ್ಡ ಆಸರೆಯಾಗಬಹುದು ಎಂದು ಊಹಿಸಬಹುದು. ಆ್ಯಪಲ್‌ನ ಏರ್‌ಪಾಡ್ಸ್ ಪ್ರೊ 3 ಹೃದಯ ಬಡಿತ ಅಳೆಯುತ್ತದೆ, ಎದುರಿನವರ ಮಾತನ್ನು ಕಿವಿಯಲ್ಲೇ ಅನುವಾದಿಸಿ ಹೇಳುತ್ತದೆ.

ಆದರೆ ಯಾವ ಭಾಷೆಯಲ್ಲಿ? ಏರ್‌ಪಾಡ್ಸ್ ಅನುವಾದ ಶುರುವಾದದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋರ್ಚುಗೀಸ್, ಸ್ಪ್ಯಾನಿಷ್‌ಗಳಲ್ಲಿ. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ತಂದ ಸಂದೇಶ ಅನುವಾದ ಆಂಡ್ರಾಯ್ಡ್‌ನಲ್ಲಿ ಆರು ಭಾಷೆಗಳಿಂದ ಆರಂಭವಾಯಿತು, ಭಾರತದ ನುಡಿಗಳಲ್ಲಿ ಹಿಂದಿಯೊಂದೇ ಅದರಲ್ಲಿತ್ತು. ಮೆಟಾ ಕನ್ನಡಕ ಕಲಿತ ಮೊದಲ ಭಾರತೀಯ ಭಾಷೆಯೂ ಹಿಂದಿಯೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ ಎಂದು ದಿನವೂ ನಾಲ್ಕು ಭಾಷೆ ದಾಟುವ ಕುಟುಂಬಕ್ಕಿಂತ ಅನುವಾದ ಯಂತ್ರದ ಅಗತ್ಯ ಹೆಚ್ಚಿರುವವರು ಯಾರು? ಊರಿಂದ ಬಂದ ಅಜ್ಜಿಗೆ ಪಕ್ಕದ ಮನೆಯ ಮರಾಠಿ ಅಜ್ಜಿಯ ಜೊತೆ ಮಾತಾಡಬೇಕು. ಆ ಮಾತುಕತೆಗೆ ನೆರವಾಗುವ ಸಾಧನವೇ ನಮ್ಮ ಪಾಲಿಗೆ ವರ್ಷದ ಸಾಧನ ಆಗಬೇಕಿತ್ತು.

ಕೊರತೆಗೆ ಕಾರಣ ಉದಾಸೀನ ಮಾತ್ರವಲ್ಲ. ಯಂತ್ರ ಮಾತು ಕಲಿಯುವುದು ಧ್ವನಿಮುದ್ರಿಕೆಗಳಿಂದ, ಸಾವಿರಾರು ಗಂಟೆಗಳ ಮಾತಿನಿಂದ. ಕನ್ನಡದಲ್ಲಿ ಅಂಥ ಸಂಗ್ರಹ ಕಡಿಮೆ. ಇದ್ದದ್ದೂ ಬಹುಪಾಲು ಪುಸ್ತಕದ ಕನ್ನಡ. ಧಾರವಾಡದ ಮಾತು, ಕುಂದಾಪುರದ ಮಾತು, ಮೈಸೂರಿನ ಮಾತು ಮೂರೂ ಬೇರೆ ಬೇರೆ. ಒಂದೇ ಕ್ರಿಯಾಪದಕ್ಕೆ ಕಾಲ, ಲಿಂಗ, ವಚನ, ಪ್ರಶ್ನೆ, ನಿಷೇಧ ಎಲ್ಲವೂ ಅಂಟಿಕೊಳ್ಳುವುದರಿಂದ ಪದರೂಪಗಳ ಸಂಖ್ಯೆಯೂ ಅಪಾರ. ಈ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ಪ್ರಾಜೆಕ್ಟ್ ವಾಣಿ ನಡೆಸುತ್ತಿದೆ. ದೇಶದ ಜಿಲ್ಲೆ ಜಿಲ್ಲೆಗಳಿಂದ ಜನ ಆಡುವ ಮಾತನ್ನೇ ಮುದ್ರಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವುದು ಅದರ ಉದ್ದೇಶ. ಫಲ ನಿಧಾನವಾಗಿ ಕಾಣುತ್ತಿದೆ. ಗೂಗಲ್‌ನ ಜೆಮಿನಿ ಲೈವ್ ಕನ್ನಡದಲ್ಲಿ ಮಾತನಾಡುತ್ತದೆ, ಓದು ಬರಹ ಕಷ್ಟವಾದವರೂ ಅದರೊಡನೆ ಸಂಭಾಷಿಸಬಹುದು. ಐಫೋನಿನ ಸಿರಿ ಇಂಗ್ಲಿಷಿನ ನಡುವೆ ಕನ್ನಡ ಬೆರೆಸಿದರೂ ಅರ್ಥ ಮಾಡಿಕೊಳ್ಳುವುದನ್ನು 2024ರಲ್ಲಿ ಕಲಿಯಿತು. 2025ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ತನ್ನ ತಿಂಗಳಿಗೆ 399 ರೂಪಾಯಿಯ ಗೋ ಯೋಜನೆಯನ್ನು ಭಾರತದಲ್ಲಿ ಒಂದು ವರ್ಷ ಉಚಿತ ಮಾಡಿತು. ಉಚಿತ ಅವಧಿ ಮುಗಿದ ಮೇಲೆ ಹಣ ತಾನಾಗಿ ಕಡಿತವಾಗದಂತೆ ನೋಡಿಕೊಳ್ಳುವುದು ಮಾತ್ರ ಬಳಸುವವರ ಜವಾಬ್ದಾರಿ.

ಇಷ್ಟೆಲ್ಲ ಸಾಧನಗಳ ಮಧ್ಯೆ ವಿಮಾನ ನಗರದಲ್ಲೇ ಮುಖ್ಯ ಕಚೇರಿ ಇರುವ ಒಂದು ಕಂಪನಿಯ ಹೆಸರನ್ನು ವರ್ಷಾಂತ್ಯದ ಪಟ್ಟಿಗಳಲ್ಲಿ ಯಾರೂ ಎತ್ತುವುದಿಲ್ಲ: ಕ್ವಿಕ್ ಹೀಲ್. ಅದರ ಚರಿತ್ರೆ ಓದಿದರೆ ಆ ವರ್ಷದ ನಿಜವಾದ ಅಗತ್ಯ ಯಾವುದೆಂದು ತಿಳಿಯುತ್ತದೆ.

ಹತ್ತನೆಯ ತರಗತಿಯ ನಂತರ ಓದು ನಿಲ್ಲಿಸಿದ ಕೈಲಾಶ್ ಕಾಟ್ಕರ್ ಪುಣೆಯಲ್ಲಿ ಕ್ಯಾಲ್ಕುಲೇಟರ್ ರಿಪೇರಿ ಕೆಲಸಕ್ಕೆ ಸೇರಿದವರು. ಮುಂದೆ ಸ್ವಂತ ಅಂಗಡಿ ಇಟ್ಟರು. ಬ್ಯಾಂಕುಗಳಿಗೆ ಕಂಪ್ಯೂಟರ್ ಬರತೊಡಗಿದಾಗ ಅದರ ರಿಪೇರಿಯನ್ನೂ ಕಲಿತರು. ತಮ್ಮ ಸಂಜಯ್ ಅವರನ್ನು ಕಂಪ್ಯೂಟರ್ ಓದಿಗೆ ಹಚ್ಚಿದರು. 1990ರ ದಶಕದ ಆರಂಭದಲ್ಲಿ ರಿಪೇರಿಗೆ ಬರುತ್ತಿದ್ದ ಯಂತ್ರಗಳಲ್ಲಿ ಬಹಳಷ್ಟಕ್ಕೆ ಫ್ಲಾಪಿ ಡಿಸ್ಕಿನ ಮೂಲಕ ವೈರಸ್ ತಗುಲಿರುತ್ತಿತ್ತು. ಸರಿ ಮಾಡಿ ಕಳಿಸಿದ ಯಂತ್ರ ಮತ್ತೆ ಅದೇ ರೋಗದಿಂದ ವಾಪಸು ಬರುತ್ತಿತ್ತು. ಆಗ ಸಂಜಯ್ ವೈರಸ್ ಅಳಿಸುವ ಸಣ್ಣ ಪ್ರೋಗ್ರಾಮುಗಳನ್ನು ಬರೆದರು. ರಿಪೇರಿ ಅಂಗಡಿಯ ಸ್ವಂತ ಬಳಕೆಗೆ ಹುಟ್ಟಿದ ಅದೇ ಪ್ರೋಗ್ರಾಮು ಆ ದಶಕದ ಮಧ್ಯದಲ್ಲಿ ಕ್ವಿಕ್ ಹೀಲ್ ಆಯಿತು. ಕ್ಯಾಟ್ ಕಂಪ್ಯೂಟರ್ ಸರ್ವಿಸಸ್ ಎಂಬ ಹೆಸರಿನ ಕಂಪನಿ 2007ರಲ್ಲಿ ಉತ್ಪನ್ನದ ಹೆಸರನ್ನೇ ತನ್ನ ಹೆಸರಾಗಿಸಿಕೊಂಡಿತು, 2016ರ ಫೆಬ್ರುವರಿಯಲ್ಲಿ ಷೇರುಪೇಟೆಗೆ ಬಂತು. ಕಂಪ್ಯೂಟರ್ ಅಂಗಡಿಗಳ ಮೂಲಕ ಸಿ.ಡಿ. ಡಬ್ಬಿಗಳಲ್ಲಿ ಊರೂರಿಗೆ ಹೋದ ಆ ಹೆಸರು ಕರ್ನಾಟಕದ ಸೈಬರ್ ಕೆಫೆಗಳಿಗೂ ಚಿರಪರಿಚಿತ.

ಆ ಕಾಲದ ಕಳ್ಳ ಯಂತ್ರದೊಳಗೆ ನುಗ್ಗುತ್ತಿದ್ದ. ಈಗಿನವನು ಮನುಷ್ಯನಿಗೇ ಫೋನ್ ಮಾಡುತ್ತಾನೆ. 2024ರ ಅಕ್ಟೋಬರ್ 27ರ ಮನದ ಮಾತು ಕಾರ್ಯಕ್ರಮದಲ್ಲಿ ಪ್ರಧಾನಿ ನರೇಂದ್ರ ಮೋದಿ 'ಡಿಜಿಟಲ್ ಅರೆಸ್ಟ್' ವಂಚನೆಯ ಒಂದು ಮುದ್ರಿತ ಕರೆಯನ್ನು ದೇಶಕ್ಕೆ ಕೇಳಿಸಿದರು. ಪೊಲೀಸರ ವೇಷದ ವಂಚಕ ಬೆದರಿಸುತ್ತಿದ್ದುದು ನಮ್ಮ ವಿಜಯಪುರದ ಒಬ್ಬರನ್ನು. ಅವರು ಹೆದರದೆ ಆ ಕರೆಯನ್ನು ದಾಖಲಿಸಿಕೊಂಡಿದ್ದರಿಂದ ಕೋಟ್ಯಂತರ ಜನರಿಗೆ ಪಾಠವಾಯಿತು. ಎಲ್ಲರಿಗೂ ಆ ಧೈರ್ಯ ಬರುವುದಿಲ್ಲ. 2024ರ ಒಂದೇ ವರ್ಷದಲ್ಲಿ ಸೈಬರ್ ವಂಚನೆಗೆ ಭಾರತೀಯರು ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಸಚಿವಾಲಯ ಲೋಕಸಭೆಗೆ ತಿಳಿಸಿತು. 2023ರಲ್ಲಿ ಈ ಮೊತ್ತ 7,465 ಕೋಟಿ. ಒಂದು ವರ್ಷದಲ್ಲಿ ಮೂರು ಪಟ್ಟು! ನಿವೃತ್ತ ಶಿಕ್ಷಕರ, ಬ್ಯಾಂಕ್ ನೌಕರರ, ಒಂಟಿ ತಾಯಂದಿರ ಜೀವಮಾನದ ಉಳಿತಾಯ ಅದರಲ್ಲಿದೆ.

ಹೀಗಾಗಿ 2024ರ ಕೊನೆಯಲ್ಲಿ ಕ್ವಿಕ್ ಹೀಲ್ ಹೊರತಂದ ಆ್ಯಂಟಿಫ್ರಾಡ್ ಡಾಟ್ ಎಐ ಎಂಬ ಆ್ಯಪ್ ಗಮನಿಸತಕ್ಕದ್ದು. ಅದು ಹುಡುಕುವುದು ಹಳೆಯ ಬಗೆಯ ವೈರಸ್ಸನ್ನಲ್ಲ, ಮೋಸದ ಸಂದರ್ಭವನ್ನು. ಫೋನಿನ ಪರದೆಯನ್ನು ಬೇರೆಯವರಿಗೆ ತೋರಿಸುವ ಆ್ಯಪ್ ಚಾಲೂ ಇದ್ದರೆ ಎಚ್ಚರಿಸುತ್ತದೆ. ಕರೆಗಳು ಗೊತ್ತಿಲ್ಲದಂತೆ ಇನ್ನೊಂದು ನಂಬರಿಗೆ ತಿರುಗುತ್ತಿದ್ದರೆ ಹೇಳುತ್ತದೆ. ಒಟಿಪಿ ಕದಿಯಲು ವಂಚಕರು ಬಳಸುವ ದಾರಿಗಳು ಇವೇ. ಮದುವೆ ಕರೆಯೋಲೆ, ಸಂಚಾರ ದಂಡದ ಚಲನ್ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪಿಗೆ ಬರುವ ಎಪಿಕೆ ಕಡತವೂ ಇಂಥದ್ದೇ ಬಲೆ. ಅದು ಚಿತ್ರವಲ್ಲ, ಆ್ಯಪ್. ಒತ್ತಿ ಒಪ್ಪಿಗೆ ಕೊಟ್ಟರೆ ಎಸ್‌ಎಂಎಸ್‌ಗಳನ್ನೆಲ್ಲ ಓದಿ ಕಳ್ಳನಿಗೆ ರವಾನಿಸುತ್ತದೆ.

ಒಂದು ಕಂಪನಿಯ ಆ್ಯಪನ್ನೇ ನೆಚ್ಚಿ ಕೂರಬೇಕಿಲ್ಲ. ಏರ್‌ಟೆಲ್ ತನ್ನ ಜಾಲದಲ್ಲೇ ಸ್ಪ್ಯಾಮ್ ಕರೆಗಳನ್ನು ಗುರುತಿಸುವ ವ್ಯವಸ್ಥೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿ, 2025ರ ಏಪ್ರಿಲ್‌ನಲ್ಲಿ ಎಚ್ಚರಿಕೆಯನ್ನು ಕನ್ನಡ, ಮರಾಠಿ ಸೇರಿ ಹತ್ತು ಭಾರತೀಯ ಭಾಷೆಗಳಿಗೆ ವಿಸ್ತರಿಸಿತು. ಯುಪಿಐನಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯ ಅಕ್ಟೋಬರ್ 1ರಿಂದ ನಿಂತಿತು. ಹಳೆಯ ಸೋಫಾ ಮಾರಲು ಹೊರಟವರಿಗೆ 'ಹಣ ಕಳಿಸುತ್ತೇನೆ, ಪಿನ್ ಒತ್ತಿ' ಎಂದು ನಂಬಿಸಿ ಖಾತೆ ಬರಿದು ಮಾಡುತ್ತಿದ್ದ ಬಾಗಿಲೊಂದು ಮುಚ್ಚಿತು. ಇದಕ್ಕೆ ಹೊಸ ಫೋನು ಬೇಡ, ಒಂದು ಪೈಸೆ ಖರ್ಚೂ ಇಲ್ಲ. ವರ್ಷದ ಅತ್ಯುತ್ತಮ ಬದಲಾವಣೆಗಳಲ್ಲಿ ಇದನ್ನು ಸೇರಿಸಲೇಬೇಕು.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಆ್ಯಪ್ 2025ರ ಜನವರಿಯಲ್ಲಿ ಬಂತು. ಕಳೆದ ಫೋನನ್ನು ನಿರ್ಬಂಧಿಸಲು, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತಿಳಿಯಲು ಅದು ನಿಜಕ್ಕೂ ಅನುಕೂಲ. ಆದರೆ ವರ್ಷಾಂತ್ಯದಲ್ಲಿ ಎಲ್ಲ ಹೊಸ ಫೋನುಗಳಲ್ಲೂ ಅದು ಮೊದಲೇ ಇರಬೇಕೆಂದು ಸರ್ಕಾರ ಆದೇಶಿಸಿದಾಗ ಖಾಸಗಿತನದ ಪ್ರಶ್ನೆ ಎದ್ದಿತು. ಡಿಸೆಂಬರ್ 3ರಂದು ಆದೇಶ ವಾಪಸಾಯಿತು. ಅದು ಸರಿಯಾದ ತೀರ್ಮಾನ. ಕಾವಲುಗಾರನನ್ನು ಮನೆಯವರೇ ಆರಿಸಿಕೊಳ್ಳಬೇಕು.

ಊರಿಗೆ ಹೋದ ಹಳೆಯ ಯಂತ್ರಗಳ ಬಗ್ಗೆ ಒಂದು ಮಾತು. ಮೈಕ್ರೊಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಯಂತ್ರ ಎಂದಿನಂತೆ ಓಡುತ್ತದೆ. ಆದರೆ ಹೊಸದಾಗಿ ಪತ್ತೆಯಾದ ತೂತುಗಳಿಗೆ ತೇಪೆ ಬರುವುದಿಲ್ಲ. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಅಪ್ಪ ನೆಟ್‌ಬ್ಯಾಂಕಿಂಗ್ ಮಾಡುವ ಹಳೆಯ ಲ್ಯಾಪ್‌ಟಾಪ್ ಅಂಥದ್ದಾಗಿದ್ದರೆ ಈ ನೋಂದಣಿ ಮಾಡಿಕೊಡುವುದು ಮಕ್ಕಳ ಕೆಲಸ. ಹಳೆಯ ಆಂಡ್ರಾಯ್ಡ್ ಫೋನಿಗೂ ಇದೇ ಪ್ರಶ್ನೆ ಕೇಳಬೇಕು: ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದೆಯೇ? ನಿಂತಿದ್ದರೆ ಆ ಫೋನಿನಲ್ಲಿ ಯುಪಿಐ ಇಡಬಾರದು. ಲಕ್ಷ ರೂಪಾಯಿಯ ಫೋನು ತಮಗೆ ಕೊಂಡು, ಅಪ್‌ಡೇಟ್ ನಿಂತುಹೋದದ್ದನ್ನು ಅಪ್ಪ ಅಮ್ಮನಿಗೆ ಕೊಡುವುದಕ್ಕಿಂತ, ಇಬ್ಬರಿಗೂ ಮಧ್ಯಮ ಬೆಲೆಯ, ನಾಲ್ಕಾರು ವರ್ಷ ಅಪ್‌ಡೇಟ್ ಖಾತರಿ ಇರುವ ಫೋನು ಕೊಳ್ಳುವುದು ಒಳ್ಳೆಯ ಲೆಕ್ಕ.

ಈ ಸಲ ಊರಿಗೆ ಹೋದಾಗ ಒಂದು ಸಂಜೆಯನ್ನು ಇದಕ್ಕೆ ಕೊಡಿ. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರ ದೊಡ್ಡದು ಮಾಡಿ. ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಆ್ಯಪ್ ಹಾಕಲು ಬಾರದಂತೆ ಸೆಟ್ಟಿಂಗ್ ಮುಚ್ಚಿ. ಯುಪಿಐ ಇರುವ ಖಾತೆಯಲ್ಲಿ ತಿಂಗಳ ಖರ್ಚಿಗಷ್ಟೇ ಹಣ ಇಡಲು ಹೇಳಿ. ಯಾವ ಪೊಲೀಸರೂ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಹೆದರಿಕೆಯಾದರೆ ಕರೆ ಕತ್ತರಿಸಿ ಮೊದಲು ನಮಗೆ ಫೋನ್ ಮಾಡಿ ಎಂದು ಬಿಡಿಸಿ ಹೇಳಿ. ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳು ಹಿರಿಯರಿಗಾಗಿ ಇಂಥ ತರಗತಿಗಳನ್ನು ಕನ್ನಡದಲ್ಲೇ ನಡೆಸಿದರೆ ದೊಡ್ಡ ಉಪಕಾರ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ತಡವನ್ನಂತೂ ಮಾಡಲೇಬೇಡಿ. ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿಯ ಸಂಖ್ಯೆ 1930. ದೂರು ಬೇಗ ದಾಖಲಾದಷ್ಟೂ, ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ಬ್ಯಾಂಕುಗಳು ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.